ಓದುಗರ ಪ್ರಶ್ನೆ: ಸಾಲ ಕೊಟ್ಟವರನ್ನು ‘ಡಿಫೀಟ್’ ಮಾಡುವುದೆಂದರೇನು?

ಪ್ರಶ್ನೆ: 1882ರ ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಮಿನಲ್ಲಿ, ಸಾಲ ಕೊಟ್ಟವರನ್ನು ‘ಡಿಫೀಟ್ ಆರ್ ಡಿಲೇ’ ಮಾಡುವ ಉದ್ದೇಶದಿಂದ ಆಸ್ತಿ ಬರೆದುಕೊಡುವ ಮಾತಿದೆ. ಡಿಫೀಟ್ ಎಂದರೆ ಸೋಲಿಸುವುದಲ್ಲವೇ? ಕನ್ನಡದಲ್ಲಿ ಇದನ್ನು ಹೇಗೆ ಬರೆಯಬೇಕು?
– ಕಾನೂನು ವಿದ್ಯಾರ್ಥಿನಿ, ನವನಗರ, ಹುಬ್ಬಳ್ಳಿ

ಉತ್ತರ: ಇಲ್ಲಿ ‘ಸೋಲಿಸು’ ಎಂದು ಖಂಡಿತ ಬರೆಯಬೇಡಿ. ಈ ಪದದ ಮೊದಲ ಅರ್ಥ ‘ಮಾಡಿದ್ದನ್ನು ಕೆಡಿಸು’. ಲ್ಯಾಟಿನ್ನಿನಲ್ಲಿ ‘ಫಾಕೆರೆ’ ಎಂದರೆ ಮಾಡು. ಅದರ ಮೊದಲಿಗೆ ‘ದಿಸ್’ ಸೇರಿ ಹಳೆಯ ಫ್ರೆಂಚಿನಲ್ಲಿ ‘ದೆಸ್‌ಫೇರ್’ ಆಯಿತು. ಇಂದಿಗೂ ಫ್ರೆಂಚರು ಗಂಟು ಬಿಚ್ಚುವುದಕ್ಕೆ ‘ದೇಫೇರ್’ ಎನ್ನುತ್ತಾರೆ, ಯುದ್ಧದ ಸೋಲಿಗೆ ‘ದೇಫೇತ್’. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅಲ್ಲಿನ ಕೋರ್ಟುಗಳಲ್ಲಿ ಶತಮಾನಗಟ್ಟಲೆ ಫ್ರೆಂಚ್ ನಡೆಯಿತು. ಹಾಗಾಗಿ ಬೇರೆಡೆ ಸವೆದುಹೋದ ಹಳೆಯ ಅರ್ಥ ಕಾನೂನಿನಲ್ಲಿ ಗಟ್ಟಿಯಾಗಿ ಕೂತಿದೆ. ಶೇಕ್ಸ್‌ಪಿಯರನ ‘ಒಥೆಲೊ’ದಲ್ಲಿ ಇಯಾಗೊ, ಸುಳ್ಳು ಗಡ್ಡ ಅಂಟಿಸಿಕೊಂಡು ಮುಖವನ್ನು ‘ಡಿಫೀಟ್’ ಮಾಡಿಕೋ ಎಂದು ರೊಡರಿಗೊನಿಗೆ ಹೇಳುತ್ತಾನೆ. ಮುಖಚಹರೆ ಗುರುತು ಸಿಗದಂತೆ ಕೆಡಿಸಿಕೋ ಎಂದೇ ಅದರ ಅರ್ಥ.

ಈಗ ಕಲಮಿಗೆ ಬನ್ನಿ. ಸೊಸೈಟಿಯ ಸಾಲ ತೀರಿಸದವನೊಬ್ಬ ಜಪ್ತಿಯ ಭಯದಿಂದ ನಾಲ್ಕೆಕರೆ ಎರೆಹೊಲವನ್ನು ಅಳಿಯನ ಹೆಸರಿಗೆ ಬಕ್ಷೀಸ್ ಪತ್ರ, ಅಂದರೆ ದಾನಪತ್ರ ಮಾಡಿದ ಎನ್ನಿ. ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಅಳಿಯನ ಹೆಸರು ಏರಿತು, ವಸೂಲಿಗೆ ಆಸ್ತಿಯೇ ಉಳಿಯಲಿಲ್ಲ. ಕೆಟ್ಟದ್ದು ಸೊಸೈಟಿಯ ವಸೂಲಿಯ ದಾರಿ. ಆದ್ದರಿಂದ ‘ಸಾಲ ಕೊಟ್ಟವರ ವಸೂಲಿಯನ್ನು ವಿಫಲಗೊಳಿಸುವ ಇಲ್ಲವೇ ವಿಳಂಬಗೊಳಿಸುವ ಉದ್ದೇಶದಿಂದ’ ಎಂದು ಬರೆಯಿರಿ. ‘ಸಾಲಗಾರ’ ಎಂಬ ಪದವನ್ನಂತೂ ಇಲ್ಲಿ ತರಲೇಬೇಡಿ, ಓದುವವರು ಅದನ್ನು ಸಾಲ ಪಡೆದವನೆಂದು ತಿಳಿದು ಇಡೀ ವಾಕ್ಯ ತಿರುವುಮುರುವಾಗುತ್ತದೆ.

ವಿದ್ಯಾರ್ಥಿಗಳು ಎಡವುವ ಇನ್ನೊಂದು ಜಾಗವೂ ಇದೆ. ಇಂಥ ಪತ್ರ ತಾನಾಗಿಯೇ ಶೂನ್ಯವಾಗುವುದಿಲ್ಲ. ತೊಂದರೆಗೊಳಗಾದ ಸಾಲ ಕೊಟ್ಟವರು ಬಯಸಿದರೆ ರದ್ದುಪಡಿಸಬಹುದಾದದ್ದು, ಅಷ್ಟೇ. ಹಾಗೆ ಹೂಡುವ ದಾವೆ ಸಾಲ ಕೊಟ್ಟ ಎಲ್ಲರ ಪರವಾಗಿ ಇಲ್ಲವೇ ಎಲ್ಲರ ಹಿತಕ್ಕಾಗಿ ಇರಬೇಕು. ಪ್ರತಿಫಲ ಕೊಟ್ಟು ಸದ್ಭಾವನೆಯಿಂದ ಕೊಂಡವನ ಹಕ್ಕಿಗೆ ಈ ಕಲಮಿನಿಂದ ಧಕ್ಕೆಯಿಲ್ಲ. 1872ರ ಕರಾರು ಕಾಯ್ದೆಯ 23ನೇ ಕಲಮಿನಲ್ಲೂ, ಕಾನೂನಿನ ಉಪಬಂಧಗಳನ್ನು ‘ಡಿಫೀಟ್’ ಮಾಡುವ ಒಪ್ಪಂದ ಎಂದಾಗ ‘ನಿಷ್ಫಲಗೊಳಿಸುವ’ ಎಂದರೆ ಸರಿಹೋಗುತ್ತದೆ.

ಪ್ರಶ್ನೆ: ಟೆಂಡರ್ ಕಾಗದದಲ್ಲಿ ಬರುವ ‘ಫೋರ್ಫೀಟ್’ ಪದಕ್ಕೂ ಡಿಫೀಟ್‌ಗೂ ನಂಟಿದೆಯೇ?
– ಓದುಗರು, ಬ್ಯಾಡಗಿ

ಉತ್ತರ: ಇದೆ. ಎರಡರ ಬಾಲವೂ ಅದೇ ‘ಫಾಕೆರೆ’ಯಿಂದ ಬಂದದ್ದು. ‘ಫೋರ್’ ಎಂದರೆ ಹೊರಗೆ. ಮೇರೆ ಮೀರಿ ಮಾಡಿದ ಅಪರಾಧಕ್ಕೆ ಮೊದಲು ಈ ಹೆಸರಿತ್ತು, ಆಮೇಲೆ ಅದಕ್ಕಾಗಿ ಕಳೆದುಕೊಳ್ಳುವ ಹಣಕ್ಕೂ ಅದೇ ಹೆಸರಾಯಿತು. ಕನ್ನಡದಲ್ಲಿ ‘ಠೇವಣಿ ಮುಟ್ಟುಗೋಲು’ ಎನ್ನಿ. ‘ಜಪ್ತಿ’ ಬೇಡ. ಜಪ್ತಿಯಾದ ಮಾತ್ರಕ್ಕೆ ಸ್ವತ್ತಿನ ಒಡೆತನ ಹೋಗುವುದಿಲ್ಲ, ಮುಟ್ಟುಗೋಲಾದ ಹಣ ಹೋದಂತೆಯೇ.