ಕಸ್ಸಾಂಡ್ರಾದಲ್ಲಿ ಎರಡು ಡೇಟಾ ಸೆಂಟರ್ ನಡುವಿನ ಟ್ರಾಫಿಕ್ ಅಳೆಯೋದು ಹೇಗೆ?

ಎರಡು ಡೇಟಾ ಸೆಂಟರ್‌ಗಳ ಮಧ್ಯೆ ಕಸ್ಸಾಂಡ್ರಾ (ಹಲವು ಸರ್ವರ್‌ಗಳಲ್ಲಿ ಹರಡಿರುವ ಡೇಟಾಬೇಸ್) ಎಷ್ಟು ಡೇಟಾ ಓಡಾಡಿಸುತ್ತಿದೆ, ಅದರ ಜೊತೆ ಬರುವ ನಿರ್ವಹಣಾ ಕಮಾಂಡ್ ನೋಡ್‌ಟೂಲ್‌ನಲ್ಲಿ ಆ ಲೆಕ್ಕ ಕಾಣುತ್ತಿಲ್ಲ ಅಂತ ಕೇಳಿದ್ದೀರಿ. ಅಲ್ಲಿ ಹುಡುಕಬೇಡಿ. ಅದರ ನೆಟ್‌ಸ್ಟಾಟ್ಸ್ ಕಮಾಂಡ್ ತೋರಿಸೋದು ಆ ಕ್ಷಣದ ಸ್ಟ್ರೀಮಿಂಗ್ ಮತ್ತು ಮೆಸೇಜ್‌ಗಳ ಸಂಖ್ಯೆ, ಮಾಮೂಲಿ ರೈಟ್‌ಗಳು ಎಷ್ಟು ಬೈಟ್ ಆದವು ಅನ್ನೋದನ್ನಲ್ಲ.

ನಾನು ಮಾಡೋದು ಲಿನಕ್ಸ್‌ನ ಫೈರ್‌ವಾಲ್ ಟೂಲ್ ಐಪಿಟೇಬಲ್ಸ್‌ನಲ್ಲಿ. ಪ್ರತಿ ನೋಡ್‌ನ (ಕಸ್ಸಾಂಡ್ರಾ ಓಡುವ ಸರ್ವರ್) ಔಟ್‌ಪುಟ್ ಚೈನ್‌ಗೆ, ಅಂದರೆ ಹೊರಹೋಗುವ ಪ್ಯಾಕೆಟ್‌ಗಳ ರೂಲ್ ಪಟ್ಟಿಗೆ, ಒಂದು ರೂಲ್ ಹಾಕಿ: ಆಚೆ ಡೇಟಾ ಸೆಂಟರಿನ ಸಬ್‌ನೆಟ್‌ಗೆ ಹೋಗುವ, 7000 ಪೋರ್ಟ್ (ನೋಡ್‌ಗಳು ತಮ್ಮತಮ್ಮಲ್ಲಿ ಮಾತಾಡುವ ಪೋರ್ಟ್) ಇರುವ ಟಿಸಿಪಿ (ಪೋರ್ಟ್ ಯಾವ ತುದಿಯಲ್ಲಾದರೂ ಇರಬಹುದು, ಹಾಗಾಗಿ ಎರಡು ರೂಲ್ ಬೇಕು). ಟಾರ್ಗೆಟ್ (ಪ್ಯಾಕೆಟನ್ನು ಏನು ಮಾಡಬೇಕು ಅನ್ನೋ ಭಾಗ) ಏನೂ ಕೊಡಬೇಡಿ. ಆಗ ಅದು ಪ್ಯಾಕೆಟ್ ತಡೆಯಲ್ಲ, ಸುಮ್ನೆ ಎಣಿಸುತ್ತೆ. ನಿಮಿಷಕ್ಕೊಮ್ಮೆ ಕೌಂಟರ್ ಓದಿ, ಹಿಂದಿನದರಿಂದ ಕಳೆದು, ಎಲ್ಲ ನೋಡ್‌ಗಳದ್ದು ಕೂಡಿಸಿ. ಎರಡೂ ಕಡೆ ಔಟ್‌ಪುಟ್ ಮಾತ್ರ ಸಾಕು, ಇನ್‌ಪುಟ್ ಸೇರಿಸಿದರೆ ಅದೇ ಬೈಟ್ ಎರಡು ಸಲ ಲೆಕ್ಕಕ್ಕೆ ಬರುತ್ತೆ.

ಬಂದ ಅಂಕಿ ನಂಬೋ ಹಾಗಿದೆಯಾ ಅಂತ ಒಂದು ಅಂದಾಜು ಮಾಡಿಕೊಳ್ಳಿ. ಆಚೆ ಕಡೆ ರೆಪ್ಲಿಕೇಶನ್ ಫ್ಯಾಕ್ಟರ್ 3 ಇದ್ದರೂ (ಅಂದರೆ ಅಲ್ಲಿ ಮೂರು ನೋಡ್‌ಗಳಲ್ಲಿ ಪ್ರತಿ ಇಟ್ಟಿದ್ದರೂ) ಪ್ರತಿ ರೈಟ್‌ನ ಒಂದೇ ಪ್ರತಿ ಲಿಂಕ್ ದಾಟುತ್ತೆ, ಅಲ್ಲಿನ ಒಂದು ನೋಡ್ ಅದನ್ನು ಪಡೆದು ಉಳಿದ ಎರಡಕ್ಕೆ ಕೊಡುತ್ತೆ. ಉತ್ತರ ಮಾತ್ರ ಮೂರೂ ನೋಡ್‌ಗಳಿಂದ ನೇರವಾಗಿ ವಾಪಸ್ ಬರುತ್ತೆ, ಆದರೆ ಅವು ಪುಟ್ಟವು. ಸೆಕೆಂಡಿಗೆ 1000 ರೈಟ್, ತಲಾ 1 ಕೆಬಿ ಅಂದರೆ ಸುಮಾರು 8 ಮೆಗಾಬಿಟ್. ಕಂಪ್ರೆಶನ್ ಇದ್ದರೆ ಇನ್ನೂ ಕಡಿಮೆ, ಇಂಟರ್‌ನೋಡ್ ಕಂಪ್ರೆಶನ್ ಸೆಟ್ಟಿಂಗ್ 'ಡಿಸಿ' (ಡೇಟಾ ಸೆಂಟರ್‌ಗಳ ನಡುವೆ ಮಾತ್ರ ಕಂಪ್ರೆಸ್ ಮಾಡು) ಅಂತ ಇದೆಯಾ ನೋಡಿಕೊಳ್ಳಿ. ಲೋಕಲ್ ಕೋರಂ (ತನ್ನ ಡೇಟಾ ಸೆಂಟರಿನ ಬಹುಪಾಲು ಪ್ರತಿಗಳಿಂದ ಉತ್ತರ ಬಂದರೆ ಸಾಕು ಅನ್ನೋ ಮಟ್ಟ) ಹಾಕಿದರೆ ರೈಟ್ ಆಚೆ ಹೋಗಲ್ಲ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹೋಗುತ್ತೆ, ಅಲ್ಲಿಂದ ಉತ್ತರ ಬರಲಿ ಅಂತ ಕಾಯಲ್ಲ ಅಷ್ಟೇ.

ಅಂದಾಜಿಗಿಂತ ತೀರಾ ಜಾಸ್ತಿ ಬಂತಾ? ಮೊದಲ ಅನುಮಾನ ರಿಪೇರ್ (ಪ್ರತಿಗಳನ್ನು ಹೋಲಿಸಿ ಸರಿಪಡಿಸುವ ಕೆಲಸ) ಮೇಲೆ. ಅದು ಓಡುವಾಗ ಹೊಂದಿಕೆಯಾಗದ ರೇಂಜ್‌ಗಳು ಪೂರ್ತಿ ಸ್ಟ್ರೀಮ್ ಆಗುತ್ತವೆ, ಹಾಗಾಗಿ ರಿಪೇರ್ ಇರುವ ದಿನ, ಇಲ್ಲದ ದಿನ ಬೇರೆ ಬೇರೆ ಅಳೆಯಿರಿ, ಸರಾಸರಿ ತೆಗೆದರೆ ಏನೂ ತಿಳಿಯಲ್ಲ. ಲಿಂಕ್ ತುಂಬುತ್ತಿದ್ದರೆ ಡೇಟಾ ಸೆಂಟರ್ ನಡುವಿನ ಸ್ಟ್ರೀಮಿಂಗ್‌ಗೆ ಬೇರೆಯೇ ಮಿತಿ ಇದೆ, ನೋಡ್‌ಟೂಲ್‌ನಿಂದ ಓಡುತ್ತಿರುವಾಗಲೇ ಇಳಿಸಬಹುದು.

ಅಪ್ಲಿಕೇಶನ್‌ಗಳು ಡೇಟಾಬೇಸ್‌ಗೆ ಸೇರುವ ಪೋರ್ಟ್ 9042ಕ್ಕೂ ಇದೇ ಥರ ರೂಲ್‌ಗಳನ್ನು ಹಾಕಿಡಿ. ಆ ಕೌಂಟರ್ ಏರುತ್ತಿದ್ದರೆ ಡೇಟಾಬೇಸ್‌ನದ್ದೇನೂ ತಪ್ಪಿಲ್ಲ, ನಿಮ್ಮ ಅಪ್ಲಿಕೇಶನ್ನಿನ ಡ್ರೈವರ್ ಆಚೆ ಡೇಟಾ ಸೆಂಟರ್ ಜೊತೆ ನೇರವಾಗಿ ಮಾತಾಡುತ್ತಿದೆ, ಡ್ರೈವರ್ ಸೆಟ್ಟಿಂಗ್‌ನಲ್ಲಿ ಲೋಕಲ್ ಡಿಸಿ (ಹತ್ತಿರದ ಡೇಟಾ ಸೆಂಟರ್) ಹೆಸರು ಸರಿ ಮಾಡಿ.