ಮರಳಿನ ಫಿಲ್ಟರ್ ಇದ್ದರೆ ಬಾವಿಗೆ ಬ್ಲೀಚಿಂಗ್ ಬೇಕೆ?

ಅಂಕೋಲಾ ತಾಲ್ಲೂಕಿನ ಓದುಗರೊಬ್ಬರು ಕೇಳಿದ್ದಾರೆ: "ಮಳೆಗಾಲ ಹಿಡಿದರೆ ನಮ್ಮ ಬಾವಿ ನೀರು ಕೆಂಪಗಾಗುತ್ತದೆ. ಪಂಚಾಯ್ತಿಯಿಂದ ಬಂದು ಬ್ಲೀಚಿಂಗ್ ಪೌಡರ್ ಹಾಕಿ ಹೋಗುತ್ತಾರೆ. ಆರ್‌ಓ ಯಂತ್ರಕ್ಕೆ ಕೊಡುವಷ್ಟು ದುಡ್ಡಿಲ್ಲ. ಸಿಮೆಂಟ್ ತೊಟ್ಟಿಯ ಮರಳಿನ ಫಿಲ್ಟರ್ ಮಾಡಿಸಿದರೆ ಸಾಲದೆ? ಮರಳನ್ನು ಕಡಲ ದಂಡೆಯಿಂದಲೇ ತರಬಹುದೆ?"

ಸಂಪಾದಕರ ಉತ್ತರ:

ಆರ್‌ಓ ನಿಮಗೆ ಬೇಡ. ಅದು ಮುಖ್ಯವಾಗಿ ಕರಗಿದ ಲವಣ ತೆಗೆಯುವ ಯಂತ್ರ. ಬೇಸಿಗೆಯಲ್ಲಿ ಉಪ್ಪಾಗುವ ಕಡಲಂಚಿನ ಬಾವಿಗಾದರೆ ಮಾತು ಬೇರೆ. ಉಪ್ಪನ್ನು ಮರಳಿನ ಫಿಲ್ಟರ್ ತೆಗೆಯಲಾರದು. ನಿಮ್ಮ ತೊಂದರೆ ಮಣ್ಣು ಮತ್ತು ರೋಗಾಣು. ಅದಕ್ಕೆ ಬಯೋಸ್ಯಾಂಡ್ ಫಿಲ್ಟರ್, ಅಂದರೆ ಮರಳಿನ ಜೊತೆ ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳೂ ನೀರು ಶುದ್ಧಿ ಮಾಡುವ ತೊಟ್ಟಿ, ತಕ್ಕದ್ದು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಡೇವಿಡ್ ಮಾಂಜ್ 1990ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಕರೆಂಟು ಬೇಡ, ಕ್ಯಾಂಡಲ್ ಬದಲಿಸುವ ಖರ್ಚೂ ಇಲ್ಲ.

ಕಡಲ ಮರಳು ಮಾತ್ರ ತರಬೇಡಿ. ಅದರಲ್ಲಿ ಉಪ್ಪಿದೆ, ಚಿಪ್ಪಿನ ಚೂರಿದೆ. ಕ್ರಷರಿನಿಂದ ಕಲ್ಲಿನ ಪುಡಿ ತಂದು ಜರಡಿ ಹಿಡಿಯಿರಿ. ತಳಕ್ಕೆ 6ರಿಂದ 12 ಮಿ.ಮೀ. ಜಲ್ಲಿ 5 ಸೆಂ.ಮೀ., ಅದರ ಮೇಲೆ ಸಣ್ಣ ಜಲ್ಲಿ 5 ಸೆಂ.ಮೀ., ಆಮೇಲೆ 0.7 ಮಿ.ಮೀ. ಜರಡಿಯಿಂದ ಇಳಿದ ಮರಳು ಸುಮಾರು 54 ಸೆಂ.ಮೀ. ಮರಳನ್ನು ತೊಳೆದೇ ಹಾಕಬೇಕು, ಆದರೆ ನುಣ್ಣನೆಯ ಕಣವೆಲ್ಲ ಹೋಗುವಷ್ಟು ತೊಳೆಯಬಾರದು. ತೊಟ್ಟಿಯಲ್ಲಿ ಮೊದಲು ನೀರು ತುಂಬಿ ಆಮೇಲೆ ಮರಳು ಸುರಿಯಿರಿ. ಒಣಗಿದ ತೊಟ್ಟಿಗೆ ಹಾಕಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮೇಲ್ಭಾಗ ತುಂಬ ನೀರು ಹೊಯ್ದಾಗ 1 ಲೀಟರ್ ಬಾಟಲಿ ತುಂಬಲು ಎರಡೂವರೆ ನಿಮಿಷವಾದರೂ ಬೇಕು. ಅದಕ್ಕಿಂತ ಬೇಗ ತುಂಬಿದರೆ ಮರಳಿನ ಕಣ ದಪ್ಪವಾಯಿತೆಂದೇ ಲೆಕ್ಕ.

ಸೋಸಿದ ನೀರನ್ನು ತಳದಿಂದ ಮೇಲೆತ್ತಿ ಹೊರಬಿಡುವ ಕೊಳವೆಯ ಬಾಯಿಯ ಎತ್ತರದಲ್ಲೇ ಈ ಫಿಲ್ಟರಿನ ಜೀವ ಇದೆ. ನೀರು ಹರಿದು ನಿಂತಾಗ ಮರಳಿನ ಮೇಲೆ 5 ಸೆಂ.ಮೀ. ನೀರು ಉಳಿಯಬೇಕು. ಆ ತೆಳುನೀರಿನಡಿ ಮರಳಿನ ಮೇಲ್ಪದರದಲ್ಲಿ ಸೂಕ್ಷ್ಮಜೀವಿಗಳು ನೆಲೆಯೂರಿ ರೋಗಾಣುಗಳನ್ನು ತಿನ್ನುತ್ತವೆ. ಪದರ ಬಲಿಯಲು 30 ದಿನ ಹಿಡಿದೀತು. ಅಲ್ಲಿಯವರೆಗೆ ನೀರನ್ನು ಕುದಿಸಿಯೇ ಕುಡಿಯಿರಿ. ಕೊಳವೆಗೆ ನಲ್ಲಿ ಹಾಕಿಸುವವರಿದ್ದಾರೆ, ದಯವಿಟ್ಟು ಹಾಕಿಸಬೇಡಿ. ನಲ್ಲಿ ಮುಚ್ಚಿದಾಗ ಮೇಲೆ ನೀರು ಏರಿ ನಿಂತು ಜೀವಿಗಳಿಗೆ ಆಮ್ಲಜನಕ ಸಾಲದು. ಪೈಪು ಸಿಕ್ಕಿಸಿ ಕೆಳಗಿಳಿಬಿಟ್ಟರೆ ನೀರೆಲ್ಲ ಎಳೆದುಹೋಗಿ ಮರಳು ಒಣಗುತ್ತದೆ.

ಈಗ ಬ್ಲೀಚಿಂಗ್. ಆ ಪೌಡರಿನ ಕ್ಲೋರಿನ್ ಇರುವ ನೀರನ್ನು ಫಿಲ್ಟರಿಗೆ ಸುರಿದರೆ ಸಾಯುವುದು ಇದೇ ಪದರ. ಫಿಲ್ಟರ್ ಇದ್ದೂ ಮನೆಯವರಿಗೆ ಭೇದಿಯಾದರೆ ಮೊದಲು ಇದನ್ನು ವಿಚಾರಿಸಬೇಕು. ಹಾಗಂತ ಕ್ಲೋರಿನ್ ಬಿಡುವಂತೆಯೂ ಇಲ್ಲ. ಕಾಮಾಲೆಯ ವೈರಸ್‌ಗಳು ತೀರ ಸಣ್ಣವು, ಮರಳು ಎಲ್ಲವನ್ನೂ ಹಿಡಿಯದು. ಆದ್ದರಿಂದ ಮೊದಲು ಸೋಸಿ, ಕ್ಲೋರಿನ್ ಆಮೇಲೆ: ಸೋಸಿದ 20 ಲೀಟರಿಗೆ ಅರ್ಧ ಗ್ರಾಂನ ಒಂದು ಕ್ಲೋರಿನ್ ಮಾತ್ರೆ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಮಣ್ಣು ಹೋದ ಮೇಲೆ ಕ್ಲೋರಿನ್ನಿನ ಕೆಲಸವೂ ಚೆನ್ನಾಗಿ ಆಗುತ್ತದೆ. ಕೆಂಪುನೀರಿನಲ್ಲಿ ಅದರ ಬಹುಪಾಲು ಕೆಸರಿಗೇ ಖರ್ಚಾಗುತ್ತದೆ.

ಬಾವಿ ನಾಲ್ಕು ಮನೆಗೆ ಸೇರಿದ್ದಾದರೆ ಬ್ಲೀಚಿಂಗ್ ನಿಲ್ಲಿಸಿ ಎನ್ನಲಾಗದು, ಎನ್ನಲೂಬಾರದು. ಹಾಕುವ ದಿನ ಮೊದಲೇ ಕೇಳಿಟ್ಟುಕೊಂಡು ಎರಡು ದಿನಕ್ಕಾಗುವಷ್ಟು ನೀರು ಸೇದಿಡಿ. ಆ ನೀರನ್ನೇ ಫಿಲ್ಟರಿಗೆ ದಿನವೂ ಹೊಯ್ಯಿರಿ. 48 ಗಂಟೆಗಿಂತ ಹೆಚ್ಚು ಬಿಟ್ಟರೆ ಪದರ ಹಸಿವಿನಿಂದ ಸೊರಗುತ್ತದೆ. ಆಮೇಲೂ ಬಾವಿ ನೀರಿನಲ್ಲಿ ಕ್ಲೋರಿನ್ ಉಳಿದಿಲ್ಲವೆಂದು ಪರೀಕ್ಷಿಸಿಯೇ ಸುರಿಯಿರಿ. ಪ್ರಮಾಣವನ್ನೂ ವಿಚಾರಿಸಿ. 1,000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪೌಡರ್ ಸಾಕು. 2 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 12,560 ಲೀಟರ್, ಅಂದರೆ 31 ಗ್ರಾಂ. ಆಷಾಢದಲ್ಲಿ 6 ಮೀಟರಿಗೆ ಏರಿದರೆ 47 ಗ್ರಾಂ. ಪುಡಿಯನ್ನು ಹಾಗೇ ಎರಚದೆ ಬಕೆಟ್ಟಿನಲ್ಲಿ ಕಲಸಿ, ಅದರಲ್ಲಿರುವ ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಬಿಡಬೇಕು.

ತೀರ ಕೆಂಪಾದ ನೀರನ್ನು ರಾತ್ರಿಯಿಡೀ ಕೊಡಪಾನದಲ್ಲಿ ತಿಳಿಯಾಗಲು ಬಿಟ್ಟು ಸುರಿಯಿರಿ. ಆದರೂ ಶ್ರಾವಣದ ಹೊತ್ತಿಗೆ ಧಾರೆ ಸಣ್ಣದಾದೀತು. ಆಗ ಮರಳು ತೆಗೆಯಬೇಕಿಲ್ಲ. ಮೇಲೆ 4 ಲೀಟರ್ ನೀರು ಹೊಯ್ದು, ಅಂಗೈಯಿಂದ ಮರಳಿನ ಮೈಯನ್ನಷ್ಟೇ ಮೆಲ್ಲಗೆ ಕಲಕಿ, ರಾಡಿಯನ್ನು ಲೋಟದಲ್ಲಿ ಮೊಗೆದು ಚೆಲ್ಲಿ. ಪದರ ಮತ್ತೆ ಬೆಳೆಯುವ ತನಕ ಕೆಲವು ದಿನ ಕುದಿಸಿದ ನೀರೇ ಇರಲಿ.