ತಿಪ್ಪೆ ಎತ್ತಲು ಒಂದು ಬೆಳಿಗ್ಗೆ, ಕಾಯಲು ಮೂರು ವಾರ

ಬೀದಿ, ಗೋಡೆ, ಕೆರೆಯಂಚು ಚೊಕ್ಕಟ ಮಾಡಲು ಹೊರಟವರ ಪತ್ರಗಳೇ ಈ ಸಲ ಹೆಚ್ಚು. ತುಮಕೂರಿನವು ಐದು, ಕೋಲಾರದ್ದು ಒಂದು.

ಪ್ರಶ್ನೆ: ನಮ್ಮ ಅಡ್ಡರಸ್ತೆಯ ಮೂಲೆಯಲ್ಲಿ ಖಾಲಿ ಸೈಟಿನ ಮುಂದೆ ಕಸದ ಗುಡ್ಡೆ. ಎರಡು ಭಾನುವಾರ ಇಪ್ಪತ್ತು ಜನ ಸೇರಿ ಎತ್ತಿದೆವು. ವಾರದೊಳಗೆ ಮತ್ತೆ ಅದೇ ಗುಡ್ಡೆ. ದೇವರ ಚಿತ್ರದ ಟೈಲ್ಸ್ ಅಂಟಿಸಿದರೆ ನಿಲ್ಲುತ್ತದೆ ಅನ್ನುತ್ತಾರೆ. ನಿಜವೇ?
– ಬಡಾವಣೆ ಸಂಘದ ಸದಸ್ಯರು, ಎಸ್.ಎಸ್.ಪುರಂ, ತುಮಕೂರು

ಉತ್ತರ: ಟೈಲ್ಸ್ ಅಂಟಿಸಿದ ಜಾಗದಲ್ಲಿ ನಿಂತೀತು, ಹತ್ತಡಿ ಆಚೆ ಶುರುವಾಗುತ್ತದೆ. ಆಮೇಲೆ ಆ ಟೈಲ್ಸಿನ ಕೆಳಗೂ ಒಂದು ಚೀಲ ಬೀಳುತ್ತದೆ, ಅದನ್ನು ನೋಡುವುದು ಇನ್ನೂ ಬೇಜಾರು. ಅದನ್ನು ಬಿಡಿ.

ಮೊದಲು ಐದು ದಿನ ಕಸ ಮುಟ್ಟದೆ ಸುಮ್ಮನೆ ನೋಡಿ. ಬೆಳಿಗ್ಗೆ 5.30ರಿಂದ 7.30, ರಾತ್ರಿ 9ರಿಂದ 11. ಯಾರು, ಯಾವ ಹೊತ್ತಿಗೆ, ಎಂಥ ಕಸ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಮೂರು ಬಗೆಯವರು ಸಿಗುತ್ತಾರೆ. ಕಸದ ಗಾಡಿ ಬರುವ ಮೊದಲೇ ಕೆಲಸಕ್ಕೆ ಹೊರಡುವ ಬಾಡಿಗೆ ರೂಮಿನವರು, ರಾತ್ರಿ ಬಾಗಿಲು ಹಾಕುವಾಗ ಒಂದು ಮೂಟೆ ಎಸೆದು ಹೋಗುವ ಅಂಗಡಿಯವರು, ಮನೆ ರಿಪೇರಿಯ ಗಾರೆ-ಇಟ್ಟಿಗೆ ಚೂರು ಸುರಿಯುವವರು. ಮೂವರಿಗೂ ಮದ್ದು ಬೇರೆ ಬೇರೆ. ಮೊದಲಿನವರಿಗೆ ಬುದ್ಧಿ ಹೇಳಿ ಉಪಯೋಗವಿಲ್ಲ, ಗಾಡಿಯ ಹೊತ್ತು ಬದಲಾಗಬೇಕು. ವಾರ್ಡಿನ ಹೆಲ್ತ್ ಇನ್‌ಸ್ಪೆಕ್ಟರ್ ಮತ್ತು ಗಾಡಿಯ ಚಾಲಕ ಇಬ್ಬರನ್ನೂ ಕೂರಿಸಿಕೊಂಡು, ಈ ಮೂಲೆಗೆ 6.45ಕ್ಕೆ ಮೊದಲ ನಿಲುಗಡೆ ಕೊಡಲು ಆಗುತ್ತದೆಯೇ ಕೇಳಿ. ಆಗದಿದ್ದರೆ ಆ ನಾಲ್ಕಾರು ರೂಮುಗಳ ಕಸವನ್ನು ಒಂದು ಮನೆಯವರು ಮುಚ್ಚಳದ ಡಬ್ಬದಲ್ಲಿ ಇಟ್ಟುಕೊಂಡು ಗಾಡಿಗೆ ಕೊಡುವ ಏರ್ಪಾಡು ಮಾಡಿ. ಅಂಗಡಿಯವರಿಗೆ ನೀವು ಹೇಳುವುದಕ್ಕಿಂತ ಪಾಲಿಕೆಯವರು ದಂಡದ ರಸೀದಿ ಹರಿದರೆ ಬೇಗ ಅರ್ಥವಾಗುತ್ತದೆ. ಗಾರೆ ಚೂರಿನದು ಬೇರೆಯದೇ ವಿಷಯ. ಕಟ್ಟಡ ತ್ಯಾಜ್ಯ ನಿಯಮದ ಪ್ರಕಾರ ಅದನ್ನು ಮನೆಕಸದ ಜೊತೆ ಬೆರೆಸುವಂತಿಲ್ಲ, ರಸ್ತೆಗೆ ಸುರಿಯುವಂತೆಯೂ ಇಲ್ಲ.

ಇನ್ನು ಎತ್ತುವ ಲೆಕ್ಕ. ಗುಡ್ಡೆಯ ಉದ್ದ, ಅಗಲ, ನಡುವಿನ ಎತ್ತರ ಗುಣಿಸಿ ಎರಡರಿಂದ ಭಾಗಿಸಿ. 12 ಅಡಿ, 6 ಅಡಿ, 2 ಅಡಿ ಇದ್ದರೆ 72 ಘನ ಅಡಿ. ಅಗೆದ ಕಸ ಉಬ್ಬುತ್ತದೆ, ಹಾಗಾಗಿ 100 ಘನ ಅಡಿ ಅಂದುಕೊಳ್ಳಿ. ಅದು ಸುಮಾರು ಒಂದು ಟ್ರ್ಯಾಕ್ಟರ್ ಟ್ರೈಲರ್. ಟ್ರೈಲರ್ ಎಲ್ಲಿ ಸುರಿಯಬೇಕು ಅನ್ನುವುದು ಪಾಲಿಕೆಯಿಂದ ಮುಂಚೆಯೇ ಖಚಿತವಾಗಿರಲಿ. ಇಲ್ಲವಾದರೆ ನಿಮ್ಮ ಗುಡ್ಡೆ ಊರಾಚೆಯ ಇನ್ನೊಂದು ರಸ್ತೆಯ ಗುಡ್ಡೆಯಾಗುತ್ತದೆ, ಅಷ್ಟೇ.

ಇಪ್ಪತ್ತು ಜನರ ಕೈಗೂ ಸನಿಕೆ ಕೊಡಬೇಡಿ, ಒಬ್ಬರ ಕಾಲಿಗೆ ಒಬ್ಬರದು ತಾಗುತ್ತದೆ. ನಾಲ್ಕು ಸನಿಕೆ, ಎರಡು ಪಿಕಾಸಿ, ಒಂದು ಹಾರೆ, ಕಸ ಎಳೆಯುವ ಹಲ್ಲುಗಳಿರುವ ಕಬ್ಬಿಣದ ರೇಕು ಎರಡು, ಎಂಟು ಬಾಂಡ್ಲಿ ಸಾಕು. ಅಗೆದು ತುಂಬುವವರು ಏಳೆಂಟು ಜನ, ಸಾಲಾಗಿ ನಿಂತು ಬಾಂಡ್ಲಿ ದಾಟಿಸುವವರು ಎಂಟು, ಟ್ರೈಲರ್ ಮೇಲೆ ಇಬ್ಬರು, ಉಳಿದವರು ಒಣಕಸ ಬೇರ್ಪಡಿಸಲಿ. ಮೊದಲ ಸುತ್ತಿನಲ್ಲಿ ಸನಿಕೆ ಬೇಡವೇ ಬೇಡ. ರೇಕಿನಿಂದ ಎಳೆದು ಗಾಜು, ತಗಡು, ಟ್ಯೂಬ್‌ಲೈಟ್ ಆರಿಸಿ. ಹಳೇ ಸೀರೆ, ಚೀಲ, ತಂತಿ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಅವನ್ನು ಎಳೆದು ತೆಗೆಯದೆ ಸನಿಕೆ ಹಾಕಿದರೆ ಪ್ರತಿ ಸಲವೂ ಅಲಗು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೆಚ್ಚಿನ ತಂಡಗಳು ಅರ್ಧಕ್ಕೇ ಸುಸ್ತಾಗುವುದು ಇದರಿಂದ.

ಕೈಗೆ ಡಾಕ್ಟರು ಹಾಕುವಂಥ ತೆಳು ಗ್ಲೌಸ್ ಹಾಕಿದರೆ ಹಾಕದಂತೆಯೇ. ಅಂಗೈಗೆ ರಬ್ಬರ್ ಲೇಪ ಇರುವ ಹೆಣೆದ ಗ್ಲೌಸ್ ತನ್ನಿ. ಚಪ್ಪಲಿಯಲ್ಲಿ ಬಂದವರನ್ನು ಗುಡ್ಡೆಯ ಹತ್ತಿರ ಬಿಡಬೇಡಿ. ಸೂಜಿ ಕಂಡರೆ ಕೈಯಲ್ಲಿ ಎತ್ತದೆ ಇಕ್ಕಳದಿಂದ ಹಿಡಿದು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ. ಚುಚ್ಚಿಯೇಬಿಟ್ಟರೆ ಹಿಂಡಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ತಕ್ಷಣ ಜಿಲ್ಲಾಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗವಿಲ್ಲ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ಅಲ್ಲೇ ಕೇಳಿ.

ಎತ್ತಿದ ಮೇಲೆ ನೆಲ ಸಮ ಮಾಡದೆ ಹೋಗುವುದು ದೊಡ್ಡ ತಪ್ಪು. ಅರ್ಧ ಅಡಿ ಇಟ್ಟಿಗೆ ಚೂರು ಉಳಿದರೂ ದಾರಿಹೋಕರ ಕಣ್ಣಿಗೆ ಅದು ತಿಪ್ಪೆಯೇ. ಕೆಮ್ಮಣ್ಣು ಹರಡಿ, ನೀರು ಹಾಕಿ ದಿಮ್ಮಸಿನಿಂದ ಬಡಿಯಿರಿ, ಮೇಲೆ ಸುಣ್ಣದ ಪುಡಿ ಎರಚಿ. ಬ್ಲೀಚಿಂಗ್ ಪೌಡರ್ ಹಾಕುವುದಾದರೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಅದರ ಹತ್ತಿರವೂ ಸುಳಿಯಬಾರದು, ಎರಡೂ ಸೇರಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ಆಮೇಲಿನ 21 ದಿನ ಬೆಳಿಗ್ಗೆ, ರಾತ್ರಿ ಇಬ್ಬಿಬ್ಬರು ಪಾಳಿಯಲ್ಲಿ ಅಲ್ಲಿ ನಿಲ್ಲಬೇಕು. ಮೊದಲ ಚೀಲ ಬಿದ್ದು ಒಂದು ಗಂಟೆಯೊಳಗೆ ಅದನ್ನು ತೆಗೆದರೆ ಎರಡನೆಯದು ಬೀಳುವುದು ಅಪರೂಪ. ಸಂಜೆವರೆಗೆ ಬಿಟ್ಟರೆ ಹತ್ತು ಇರುತ್ತವೆ. ಅಲ್ಲಿ ಬೀದಿದೀಪ ಇಲ್ಲದಿದ್ದರೆ ಕಾವಲಿಗಿಂತ ಮೊದಲು ಅದಕ್ಕೆ ಅರ್ಜಿ ಕೊಡಿ.

ಪ್ರಶ್ನೆ: ಶಾಲೆಯೊಂದರ ಕಾಂಪೌಂಡಿಗೆ ಕಳೆದ ವರ್ಷ ಬಣ್ಣ ಬಳಿದು ಚಿತ್ರ ಬರೆಸಿದೆವು. ಒಂದೇ ಮಳೆಗಾಲಕ್ಕೆ ಕೆಳಗಿನಿಂದ ಹಪ್ಪಳದಂತೆ ಏಳುತ್ತಿದೆ. ಎಲೆ-ಅಡಿಕೆ ಉಗಿದ ಕಲೆ ಬಣ್ಣದ ಮೇಲೂ ಮೂಡಿದೆ. ಏನು ತಪ್ಪಾಯಿತು?
– ಯುವಕರ ತಂಡ, ಹೊರಪೇಟೆ, ತುಮಕೂರು

ಉತ್ತರ: ಎರಡು ತಪ್ಪಾಗಿರಬಹುದು. ಹಳೇ ಸುಣ್ಣದ ಮೇಲೆಯೇ ಎಮಲ್ಷನ್ ಬಳಿದಿದ್ದೀರಿ. ಸುಣ್ಣ ಗೋಡೆಯನ್ನು ಬಿಟ್ಟಾಗ ಬಣ್ಣವೂ ಅದರ ಜೊತೆ ಬರುತ್ತದೆ. ಎರಡನೆಯದು, ತಳದಿಂದ ತೇವ ಏರುತ್ತಿದೆ. ಬೆರಳಿನಿಂದ ಒರೆಸಿದಾಗ ಬಿಳಿ ಉಪ್ಪು ಅಂಟಿದರೆ ಅದೇ ಗುರುತು.

ಈ ಸಲ ಡಿಸೆಂಬರಿನಿಂದ ಮಾರ್ಚ್ ಒಳಗೆ ಮಾಡಿ. ಕರಣೆ, ವೈರ್ ಬ್ರಷ್‌ನಿಂದ ಸುಣ್ಣ ಉದುರುವವರೆಗೆ ಕೆರೆದು, ಉಪ್ಪನ್ನು ಒಣಗಿದ್ದಾಗಲೇ ಗುಡಿಸಿ ತೆಗೆಯಿರಿ. ನೀರು ಹಾಕಿದರೆ ಅದು ಕರಗಿ ಮತ್ತೆ ಒಳಗೇ ಇಳಿಯುತ್ತದೆ. ಪೋಸ್ಟರಿಗೆ ಮಾತ್ರ ಬಿಸಿನೀರು ಚಿಮುಕಿಸಿ ಕಾಲು ಗಂಟೆ ಬಿಡಿ, ಮೈದಾ ಅಂಟು ತಾನೇ ಸಡಿಲವಾಗುತ್ತದೆ. ನೆನೆದ ಗೋಡೆ ಎರಡು ದಿನ ಬಿಸಿಲಿಗೆ ಒಣಗಲಿ. ಹೊಸ ಗಾರೆ ಮೆತ್ತಿದ್ದರೆ 28 ದಿನ ಕಾಯಬೇಕು. ಆಮೇಲೆ ಹೊರಗೋಡೆಯ ಪ್ರೈಮರ್ ಒಂದು ಕೋಟ್, ಎಮಲ್ಷನ್ ಎರಡು ಕೋಟ್. 60 ಅಡಿ ಉದ್ದ, 5 ಅಡಿ ಎತ್ತರದ ಗೋಡೆ 300 ಚದರ ಅಡಿ. ಪ್ರೈಮರ್ ಸುಮಾರು 3 ಲೀಟರ್, ಎಮಲ್ಷನ್ 5ರಿಂದ 6 ಲೀಟರ್ ಬೇಕು. ಒರಟು ಗೋಡೆಯಾದರೆ ಇನ್ನೊಂದು ಲೀಟರ್ ಹೆಚ್ಚು ಕುಡಿಯುತ್ತದೆ.

ಅಡಿಕೆಯ ಕಲೆಗೆ ನೀರಿನ ಪ್ರೈಮರ್ ತಡೆಯಾಗದು. ಅಡಿಕೆಯ ಚೊಗರು ನೀರಿನಲ್ಲಿ ಕರಗಿ ಮೇಲಿನ ಬಣ್ಣಕ್ಕೂ ಹತ್ತುತ್ತದೆ. ಸೋಪಿನಲ್ಲಿ ಉಜ್ಜಿ, ಒಣಗಿಸಿ, ಅಷ್ಟು ಜಾಗಕ್ಕೆ ಮಾತ್ರ ಆಯಿಲ್ ಪ್ರೈಮರ್ ಹಚ್ಚಿ ಒಂದು ದಿನ ಬಿಡಿ. ಚಿತ್ರವನ್ನು ನೆಲಮಟ್ಟದಿಂದ ಶುರು ಮಾಡಬೇಡಿ. ಕೆಳಗಿನ ಒಂದಡಿಗೆ ಮಣ್ಣಿನ ನೀರು ಸಿಡಿಯುತ್ತದೆ, ಉಗುಳೂ ಅಲ್ಲಿಗೇ ಬೀಳುತ್ತದೆ. ಹಳೇ ಮನೆಗಳ ಕೆಮ್ಮಣ್ಣಿನ ಪಟ್ಟೆ ಇದ್ದದ್ದು ಸುಮ್ಮನಲ್ಲ. ಅಷ್ಟಕ್ಕೆ ಗಾಢ ಕಂದು ಹಚ್ಚಿ.

ಗೋಡೆ ಯಾರದೋ ಅವರಿಂದ ಬರಹದಲ್ಲಿ ಒಪ್ಪಿಗೆ ಇರಲಿ. 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಪೋಸ್ಟರ್ ಅಂಟಿಸುವವರಿಗೆ ಮಾತ್ರ ಅಲ್ಲ, ಅಪ್ಪಣೆಯಿಲ್ಲದೆ ಬರೆಯುವವರಿಗೂ ಅನ್ವಯಿಸುತ್ತದೆ.

ಪ್ರಶ್ನೆ: ಫುಟ್‌ಪಾತಿನ ಹೊಂಗೆ ಮರಗಳ ಬುಡಕ್ಕೆ ಕಾಂಕ್ರೀಟ್ ಹಾಕಿಬಿಟ್ಟಿದ್ದಾರೆ. ನಾವೇ ಒಡೆಯಬಹುದೇ? ಹೊಸ ಗಿಡ ಯಾವಾಗ ನೆಡಬೇಕು?
– ನಿವೃತ್ತ ನೌಕರರು, ಕ್ಯಾತ್ಸಂದ್ರ

ಉತ್ತರ: ನೀವಾಗಿ ಒಡೆಯಬೇಡಿ, ಕೆಳಗೆ ಕೇಬಲ್ ಇರಬಹುದು. ಪಾಲಿಕೆಗೆ ಪ್ರತಿ ಮರದ ಫೋಟೊ ಇಟ್ಟು ಅರ್ಜಿ ಕೊಡಿ. ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿದೆ, ಅರ್ಜಿಯಲ್ಲಿ ಅದನ್ನು ಕಾಣಿಸಿ. ಒಡೆಯುವ ದಿನ ಜೊತೆಯಲ್ಲಿ ನಿಂತಿರಿ. ಬುಡದ ತೊಗಟೆಗೆ ಯಂತ್ರ ತಾಗಿದರೆ ಮರಕ್ಕೆ ಕಾಂಕ್ರೀಟಿಗಿಂತ ಅದೇ ಕೆಡುಕು. ಕೊನೆಯ ಅರ್ಧ ಅಡಿಯನ್ನು ಉಳಿ-ಸುತ್ತಿಗೆಯಲ್ಲಿ ಬಿಡಿಸಲಿ.

ನಮ್ಮ ಕಡೆ ದೊಡ್ಡ ಮಳೆ ಸೆಪ್ಟೆಂಬರ್-ಅಕ್ಟೋಬರಿನದು. ಜುಲೈ ಹೊತ್ತಿಗೆ ನೆಟ್ಟರೆ ಅಷ್ಟರೊಳಗೆ ಬೇರು ಹಿಡಿದಿರುತ್ತದೆ. ನವೆಂಬರಿನ ಸಮಾರಂಭಕ್ಕೆ ನೆಟ್ಟ ಗಿಡ ಏಪ್ರಿಲ್ ಕಾಣುವುದು ಕಷ್ಟ. ಗುಂಡಿ 2 ಅಡಿ ಉದ್ದ, ಅಗಲ, ಆಳ. ಮೇಲಿನ ಮಣ್ಣು ಬೇರೆ, ಕೆಳಗಿನದು ಬೇರೆ ಹಾಕಿಕೊಂಡು, ಮೇಲ್ಮಣ್ಣಿಗೆ ಮೂರರಲ್ಲೊಂದು ಪಾಲು ಕೊಟ್ಟಿಗೆ ಗೊಬ್ಬರ ಬೆರೆಸಿ ಬೇರಿನ ಸುತ್ತ ತುಂಬಿ. ಕರೆಂಟ್ ತಂತಿಯ ಕೆಳಗೆ ಹೊಂಗೆ, ಬೇವು ಬೇಡ, ಪಾರಿಜಾತದಂಥ ಗಿಡ್ಡ ಜಾತಿ ಸಾಕು. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ಒಂದೊಂದು ಬಿಂದಿಗೆ ನೀರು. ಊರುಗೋಲಿಗೆ ತಂತಿಯಲ್ಲಿ ಕಟ್ಟಿದರೆ ಕಾಂಡ ದಪ್ಪವಾದಂತೆ ಅದರೊಳಗೆ ಕೊರೆದು ಇಳಿಯುತ್ತದೆ. ಸೆಣಬಿನ ಹಗ್ಗವನ್ನು ಎಂಟರ ಆಕಾರದಲ್ಲಿ ಸುತ್ತಿ, ವರ್ಷಕ್ಕೊಮ್ಮೆ ಬಿಚ್ಚಿ ಕಟ್ಟಿ.

ಪ್ರಶ್ನೆ: ಪಾರ್ಕಿನ ಉದುರೆಲೆಗೆ ದಿನಾ ಬೆಂಕಿ ಹಾಕುತ್ತಾರೆ. ಬೇರೆ ದಾರಿ?
– ಗೃಹಿಣಿ, ಎಸ್‌ಐಟಿ ಬಡಾವಣೆ, ತುಮಕೂರು

ಉತ್ತರ: ಎಲೆಯನ್ನು ಅಲ್ಲೇ ಗೊಬ್ಬರ ಮಾಡಿ. 4 ಅಡಿ ಎತ್ತರದ ಕಬ್ಬಿಣದ ಜಾಲರಿ 10 ಅಡಿ ತನ್ನಿ. ಸುತ್ತಿ ಕಟ್ಟಿದರೆ 3 ಅಡಿ ಅಗಲದ ಗೂಡಾಗುತ್ತದೆ. ಇದಕ್ಕಿಂತ ಚಿಕ್ಕದಾದರೆ ಒಳಗೆ ಕಾವು ಹಿಡಿಯದು. ಒಂದಡಿ ಎಲೆ, ಕಾಲಿನಿಂದ ತುಳಿದು, ಮೇಲೆ ಅರ್ಧ ಬಕೆಟ್ ಸಗಣಿ ನೀರು, ಮತ್ತೆ ಎಲೆ. ಹಿಡಿ ಎಲೆ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ‘ಗೊಬ್ಬರ ಆಗಲೇ ಇಲ್ಲ’ ಅನ್ನುವವರ ಗೂಡಿಗೆ ಕೈ ಹಾಕಿ ನೋಡಿದರೆ ನಡುವೆ ಎಲೆ ಗರಿಗರಿಯಾಗಿಯೇ ಇರುತ್ತದೆ. ನೀರು ಅಂಚಿನಲ್ಲೇ ಇಳಿದು ಹೋಗಿರುತ್ತದೆ. ತಿಂಗಳಿಗೊಮ್ಮೆ ಜಾಲರಿ ಬಿಚ್ಚಿ, ಹೊರಗಿನದು ಒಳಗೆ ಬರುವಂತೆ ಮಗುಚಿ. ಹೊಂಗೆ ಎಲೆ ನಾಲ್ಕೈದು ತಿಂಗಳಿಗೆ ಕರಗುತ್ತದೆ. ಮಾವು, ಹಲಸಿನದು ತಡ. ಪಾರ್ಕಿನವರಿಗೆ ಇನ್ನೊಂದು ಮಾತೂ ತಿಳಿಸಿ, ಎಲೆಗೆ ಬೆಂಕಿ ಹಾಕುವುದು ಘನತ್ಯಾಜ್ಯ ನಿಯಮದಲ್ಲೇ ನಿಷಿದ್ಧ.

ಪ್ರಶ್ನೆ: ಊರ ಕೆರೆಯಲ್ಲಿ ನೇರಳೆ ಹೂವಿನ ತೇಲುಕಳೆ ತುಂಬಿದೆ. ಐವತ್ತು ವಿದ್ಯಾರ್ಥಿಗಳು ಇದ್ದೇವೆ. ಜೊತೆಗೆ ಬೀದಿಯ ಚರಂಡಿ, ಮ್ಯಾನ್‌ಹೋಲ್ ಕೂಡ ಶುಚಿ ಮಾಡುವ ಆಸೆ.
– ಎನ್‌ಎಸ್‌ಎಸ್ ವಿದ್ಯಾರ್ಥಿಗಳು, ಗುಬ್ಬಿ ರಸ್ತೆ

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ: ಮ್ಯಾನ್‌ಹೋಲಿನ ಮುಚ್ಚಳ ಮುಟ್ಟಬೇಡಿ. ಒಳಗಿನ ಹೈಡ್ರೋಜನ್ ಸಲ್ಫೈಡ್ ಒಂದೆರಡು ಉಸಿರಿಗೇ ಎಚ್ಚರ ತಪ್ಪಿಸುತ್ತದೆ. ಬಿದ್ದವರನ್ನು ಎತ್ತಲು ಇಳಿದವರೂ ಸಾಯುತ್ತಾರೆ. ರಕ್ಷಣಾ ಸಲಕರಣೆಯಿಲ್ಲದೆ ಯಾರನ್ನೇ ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ಅಪರಾಧ. ತೆರೆದ ಚರಂಡಿಯಲ್ಲೂ ದಡದ ಮೇಲೆ ನಿಂತು ಎಟುಕಿದಷ್ಟು ಪ್ಲಾಸ್ಟಿಕ್ ತೆಗೆಯಿರಿ, ಹೂಳು ಯಂತ್ರದ ಕೆಲಸ.

ಕೆರೆಗೂ ಅದೇ ಕಟ್ಟುಪಾಡು, ನೀರಿಗೆ ಇಳಿಯಬೇಡಿ. ಕಳೆಯ ಕೆಳಗೆ ಹೂಳು ಎಷ್ಟು ಆಳ ಅಂತ ಮೇಲಿನಿಂದ ಕಾಣದು. ಬಾವಿಗೆ ಬಿದ್ದ ಬಿಂದಿಗೆ ತೆಗೆಯುವ ಪಾತಾಳಗರಡಿ ಇದೆಯಲ್ಲ, ಅದಕ್ಕೆ 30 ಅಡಿ ಹಗ್ಗ ಕಟ್ಟಿ ದಡದಿಂದ ಎಸೆದು ಎಳೆಯಿರಿ. ಎಂಟು ಜನರಿಗೆ ಒಂದರಂತೆ ಆರು ಸಾಕು. ಗಿಡದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬರೀ ನೀರು. ಹಸಿಯಾಗಿಯೇ ಟ್ರ್ಯಾಕ್ಟರಿಗೆ ತುಂಬಿದರೆ ನೀರಿಗೆ ಬಾಡಿಗೆ ಕೊಟ್ಟಂತೆ. ಐದಾರು ದಿನ ದಡದಲ್ಲಿ ಒಣಗಿಸಿ ಆಮೇಲೆ ಸಾಗಿಸಿ. ಆದರೆ ರಾಶಿ ಕೆರೆ ತುಂಬಿದಾಗ ನೀರು ಮುಟ್ಟುವ ಗೆರೆಗಿಂತ ಮೇಲಿರಲಿ. ತುಂಡು ಉಳಿದರೂ ಚಿಗುರುವ ಗಿಡ ಅದು, ಅನುಕೂಲವಾದ ನೀರು ಸಿಕ್ಕರೆ ಎರಡು ವಾರಕ್ಕೆ ಇಮ್ಮಡಿಯಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಬರಲು ಆಗದಿದ್ದರೆ ಒಂದು ದಿನ ಬಂದು ಉಪಯೋಗವಿಲ್ಲ. ಅದು ಹೀಗೆ ಬೆಳೆಯುವುದು ಕೆರೆಗೆ ಕಕ್ಕಸಿನ ನೀರು ಬರುತ್ತಿರುವುದರಿಂದ. ಯಾವ ಕಾಲುವೆಯಿಂದ ಬರುತ್ತಿದೆ ಅನ್ನುವುದನ್ನು ನಿಮ್ಮಲ್ಲಿ ಹತ್ತು ಜನ ನಡೆದು ನೋಡಿ ನಕ್ಷೆ ಬರೆದುಕೊಟ್ಟರೆ, ಉಳಿದ ನಲವತ್ತು ಜನ ಎಳೆದದ್ದಕ್ಕಿಂತ ಹೆಚ್ಚಿನ ಕೆಲಸ.

ಪ್ರಶ್ನೆ: ಅಂತರಗಂಗೆ ಬೆಟ್ಟದ ಬಂಡೆಗಳ ಮೇಲೆ ಪೇಂಟಿನಲ್ಲಿ ಬರೆದ ಹೆಸರು ಅಳಿಸುವುದು ಹೇಗೆ?
– ಚಾರಣಿಗರ ಬಳಗ, ಕೋಲಾರ

ಉತ್ತರ: ಆ್ಯಸಿಡ್ ಬೇಡ, ಬಂಡೆಯ ಬಣ್ಣವೇ ಕೆಡುತ್ತದೆ. ಕಬ್ಬಿಣದ ಬ್ರಷ್ ಕೂಡ ಬೇಡ, ಅದರ ಪುಡಿ ಉಳಿದು ತುಕ್ಕಿನ ಕಲೆ ಮೂಡುತ್ತದೆ. ಜೆಲ್ ರೂಪದ ಪೇಂಟ್ ರಿಮೂವರನ್ನು ಮೊದಲು ಅಂಗೈಯಗಲ ಹಚ್ಚಿ ನೋಡಿ. ಬಣ್ಣ ಸುಕ್ಕುಗಟ್ಟಿದ ಮೇಲೆ ನೈಲಾನ್ ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ ತೆಗೆಯಿರಿ. ಬೆಳಿಗ್ಗೆ ಬೇಗ ಮಾಡಿ, ಬಿಸಿಲಿಗೆ ಕಾದ ಬಂಡೆಯಲ್ಲಿ ಜೆಲ್ ಕೆಲಸ ಮಾಡುವ ಮೊದಲೇ ಒಣಗುತ್ತದೆ. ತೊಳೆದ ನೀರು ಕಲ್ಯಾಣಿಯ ಕಡೆ ಹರಿಯದಂತೆ ಕೆಳಗೆ ಗೋಣಿ ಹಾಸಿ. ಪ್ಲಾಸ್ಟಿಕ್ ಹೆಕ್ಕಿದ ಚೀಲಗಳನ್ನು ಮೆಟ್ಟಿಲ ಬಳಿ ಒಂದು ರಾತ್ರಿಯೂ ಬಿಡಬೇಡಿ. ಬೆಳಗಾಗುವುದರೊಳಗೆ ಕೋತಿಗಳು ಹರಿದು ಹಂಚಿರುತ್ತವೆ.